ಬಾವಿಯ ಮಗ್ಗುಲ ಮೂಲೆ

"ಗುರುಗಳೇ, ಪೇಟೆ ಬೆಳೆದು ನಮ್ಮ ಮಠದ ಬಾಗಿಲಿಗೇ ಬಂತು. ಮಕ್ಕಳಿಗೆ ಶಾಲೆ ಕಟ್ಟಲು ಜಾಗ ಕೇಳುತ್ತಿದ್ದಾರೆ. ಹಿಂದುಗಡೆ ಹುಲ್ಲೂ ಹುಟ್ಟದ ಕಲ್ಲುಭೂಮಿ ಇದೆಯಲ್ಲ, ಅದನ್ನು ಕೊಟ್ಟುಬಿಡೋಣವೇ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಬ್ಬ ವರ್ತಕ ಪೇಟೆಯಂಚಿನ ಗದ್ದೆಗಳನ್ನು ಕೊಂಡು, ಸೈಟು ಮಾಡಿ ಮಾರಿದ. ನಕಾಶೆಯಲ್ಲಿ ಶಾಲೆಗೆಂದು ಒಂದು ಜಾಗ ಬಿಟ್ಟಿದ್ದ. ಒಳ್ಳೆಯ ಗಿರಾಕಿ ಬಂದಾಗ ಅದನ್ನೂ ಮಾರಿದ. ಶಾಲೆಗೇನು, ಎಲ್ಲಾದರೂ ಆದೀತು ಎಂದುಕೊಂಡ. ಬಾವಿಯ ಮಗ್ಗುಲ ತಂಪು ಮೂಲೆಯನ್ನು ಮಾತ್ರ ತನ್ನ ಮನೆಗೆಂದು ಇಟ್ಟುಕೊಂಡ.

ಮನೆಗಳು ಎದ್ದವು, ಮಕ್ಕಳು ಬಂದರು. ಪೇಟೆಯ ಹಳೆಯ ಶಾಲೆಯ ಒಂದೇ ಕೋಣೆಯಲ್ಲಿ ನಾಲ್ಕು ತರಗತಿ ಕೂತವು. ನಾಲ್ಕನೆಯವರು ಒಂದನೆಯವರ ಮಗ್ಗಿಯನ್ನೇ ಮತ್ತೆ ಒಪ್ಪಿಸಿದರು. ಸೈಟು ಕೊಂಡವರು ವರ್ತಕನನ್ನು ದಾರಿಯಲ್ಲೇ ನಿಲ್ಲಿಸಿ, "ಎಲ್ಲಿ ಸ್ವಾಮಿ, ಶಾಲೆ?" ಎನ್ನತೊಡಗಿದರು. ವ್ಯಾಪಾರಿಗೆ ಮಾತೇ ಬಂಡವಾಳ. ಅದು ಕರಗುತ್ತಿರುವುದು ಅವನಿಗೆ ಕಂಡಿತು.

ಸುತ್ತಲೆಲ್ಲ ಮಾರಾಟವಾಗದೆ ಉಳಿದದ್ದು ಒಬ್ಬ ರೈತನ ಎರಡೆಕರೆ ಗದ್ದೆ. ವರ್ತಕ ಹೋದಾಗ ಅವನು ನಾಟಿಗೆಂದು ಸಸಿ ಕೀಳುತ್ತಿದ್ದ.

"ಯಜಮಾನರೇ, ಈ ಗದ್ದೆಯನ್ನು ಶಾಲೆಗೆ ಕೊಡಿ. ಪುಣ್ಯ ಬರುತ್ತೆ."

"ಪುಣ್ಯ ಅಷ್ಟು ಅಗ್ಗವಾಗಿದ್ದರೆ ನೀವು ನನಗೆ ಬಿಡ್ತಿದ್ರಾ ಸಾಹುಕಾರ್ರೇ?" ರೈತ ನಕ್ಕ. "ಇದೊಂದಾದರೂ ಇರಲಿ. ಆ ಮಕ್ಕಳು ಶಾಲೆಯಿಂದ ಬಂದು ಉಣ್ಣಬೇಡವೇ?"

ವರ್ತಕನಿಗೂ ನಗು ಬಂತು. "ಅದಿರಲಿ, ಇದ್ದುದರಲ್ಲಿ ಒಳ್ಳೆ ಮೂಲೆಯನ್ನೇ ಸಸಿಮಡಿಗೆ ಕೊಟ್ಟಿದ್ದೀರಲ್ಲ? ಕಿತ್ತು ಬೇರೆ ಕಡೆ ನೆಡೋ ಸಸಿಗೆ ಇಷ್ಟು ಉಪಚಾರವೇ?"

"ಬದುವಿನ ಕಲ್ಲಿನ ಮೇಲೆ ಮಡಿ ಮಾಡಿದರೆ ಗದ್ದೆಗೆ ಏನು ತಂದು ನೆಡಲಿ? ಮೊದಲು ಮಡಿಗೆ ಜಾಗ ನೋಡಬೇಕು ಸಾಹುಕಾರ್ರೇ. ಮಿಕ್ಕಿದ್ದು ಆಮೇಲೆ."

ವರ್ತಕ ಕೆಸರು ಮೆತ್ತಿದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹಿಂತಿರುಗಿದ. ಮರುದಿನ ಬೆಳಿಗ್ಗೆ, ಬಾವಿಯ ಮಗ್ಗುಲಲ್ಲಿ ತನ್ನ ಮನೆಯ ಪಾಯಕ್ಕೆಂದು ಎಳೆದಿದ್ದ ಸುಣ್ಣದ ಗೆರೆಯನ್ನು ತಾನೇ ಕಾಲಿನಿಂದ ಒರೆಸಿದ. ಮೇಸ್ತ್ರಿಗೆ, "ಇಲ್ಲಿ ಶಾಲೆ" ಎಂದ. ತಾನು ಮೊದಲಿನಂತೆ ತನ್ನ ಅಂಗಡಿಯ ಮಹಡಿಯಲ್ಲೇ ಉಳಿದ. ರೈತನ ಗದ್ದೆಯೂ ಉಳಿಯಿತು. ಮಕ್ಕಳು ಅದರ ಬದುವಿನ ಮೇಲೆಯೇ ಸಾಲಾಗಿ ಶಾಲೆಗೆ ನಡೆದರು. ರೈತ ಬಾಯಿತುಂಬ ಬೈದ, ಆದರೆ ಬದುವನ್ನು ಒಂದು ಗೇಣು ಅಗಲ ಮಾಡಿದ.

ಕತೆ ಮುಗಿಯಿತು. ಶಿಷ್ಯ ತಲೆ ಕೆರೆದುಕೊಂಡು, "ಹಾಗಾದರೆ ನಮ್ಮ ಕಲ್ಲುಭೂಮಿ?" ಎಂದ.

ಗುರು ಹೇಳಿದರು: "ಅಲ್ಲಿ ಒಂದು ಮಡಿ ಸಸಿ ಎಬ್ಬಿಸಿ ತೋರಿಸಪ್ಪ, ಆಮೇಲೆ ಕೊಡೋಣ."