ಎಲೆ ಉದುರಿಸಲೊಲ್ಲದ ತೇಗ

ಕಾಡಿನ ಸಂಶೋಧಕರು ಊಟಕ್ಕೆ ಕೂತಾಗ ಅವರ ಮೊಬೈಲಿನಲ್ಲಿ ಇಣುಕುವುದು ಒಂದು ಗೊರವಂಕದ ಚಟ. ಅಂದು ಕಂಡ ಸುದ್ದಿಗೆ, ನೋಡಿ, ಅದರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಾನು ಗೂಡು ಕಟ್ಟಿದ್ದ ತೇಗದ ಮರಕ್ಕೆ ಸೀದಾ ಹಾರಿ ಬಂತು.

“ತೇಗಣ್ಣಾ, ನಿಮ್ಮ ಫೋಟೋ ಲೋಕಕ್ಕೆಲ್ಲ ಹೋಗಿದೆ. ಅದರ ಮೇಲೆ ತಲೆಬರಹ ಬೇರೆ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಷ್ಟೂ ಕಾಡು ಸೊಂಪಾಗುತ್ತದಂತೆ. ಲಕ್ಷಗಟ್ಟಲೆ ಜನ ಮೆಚ್ಚಿ ಹಂಚಿದ್ದಾರೆ.”

ಬೇಸಿಗೆ ಕಾಲಿಟ್ಟಿತ್ತು, ತೇಗ ಎಲೆ ಉದುರಿಸುವ ಹೊತ್ತು. ಅದು ಬೀಗಿತು. “ಲೋಕವೇ ನೋಡುತ್ತಿರುವಾಗ ಬೋಳಾಗಿ ನಿಲ್ಲುವುದೆ? ಈ ವರ್ಷ ಒಂದೆಲೆಯೂ ಬೀಳದು.”

“ನೀರು ತಳ ಕಂಡಿದೆ ಮಾರಾಯ, ಇಷ್ಟೊಂದು ಎಲೆಗೆ ಎಲ್ಲಿಂದ ತರಲಿ?” ಎಂದಿತು ಕೆಳಗಿನಿಂದ ಬೇರು.

“ಮಣ್ಣಲ್ಲಿ ಹೂತುಕೊಂಡವನಿಗೆ ಲೋಕದ ಸುದ್ದಿ ಏನು ಗೊತ್ತು, ಸುಮ್ಮನಿರು,” ಎಂದು ಗೊರವಂಕವೇ ಗದರಿತು.

ಕೆಲವೇ ದಿನಗಳಲ್ಲಿ ತೇಗದ ತುದಿಕೊಂಬೆಗಳು ಒಣಗತೊಡಗಿದವು. ಗೊರವಂಕ ಮತ್ತೆ ಮೊಬೈಲಿಗೆ ಹಾರಿ, ಆ ತಲೆಬರಹವನ್ನು ಕೊಕ್ಕಿನಿಂದ ಕುಟ್ಟಿ ಒಳಗಿನ ಬರಹ ತೆರೆಯಿತು. ಮೊದಲ ಸಾಲೇ ಹೀಗಿತ್ತು: ‘ಆದರೆ ಬೇರಿಗೆ ನೀರು ಸಿಕ್ಕರೆ ಮಾತ್ರ.’

“ತೇಗಣ್ಣಾ, ಹಂಚಿದವರು ಇದನ್ನು ಓದಿಯೇ ಇಲ್ಲ, ನಾನೂ ಓದಿರಲಿಲ್ಲ. ಬೇಗ ಉದುರಿಸಿಬಿಡಿ.”

ತೇಗ ಮೈ ಕೊಡವಿತು. ಅಗಲಗಲ ಎಲೆಗಳು ದಬದಬನೆ ಬಿದ್ದವು. ಗೊರವಂಕ ಕುಣಿದಾಡಿತು. ಸಂಶೋಧಕರು ಬೋಳು ಮರದ ಫೋಟೋವನ್ನೂ ಹಾಕಿದರು. ಅದನ್ನು ಯಾರೂ ತಿರುಗಿ ನೋಡಲಿಲ್ಲ.

“ಹೇಗೆ ಕಾಣುತ್ತಿದ್ದೇನೋ ಏನೋ,” ಎಂದು ತೇಗ ಪೇಚಾಡಿತು.

“ನನಗಂತೂ ಕಣ್ಣಿಲ್ಲ,” ಎಂದಿತು ಬೇರು. “ಆದರೆ ಈ ಬೇಸಿಗೆ ದಾಟುತ್ತೀಯ.”