ನೈಟ್‌ಶೇಡಿನ ಒತ್ತು

“ಗುರುಗಳೇ, ಇಂಗ್ಲಿಷ್ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಬಲ್ಲೆ, ಉಚ್ಚರಿಸುವಾಗ ಒತ್ತು ಎಲ್ಲಿ ಬೀಳಬೇಕೆಂದೂ ಬಲ್ಲೆ. ಆದರೂ ಜನರ ಮುಂದೆ ಬಾಯಿ ತೆರೆಯುವಾಗ ಏಕೆ ಇಷ್ಟು ತಳಮಳ?” ಎಂದು ಶಿಷ್ಯೆ ದಾಕ್ಷಾಯಣಿ ಕೇಳಿದಳು.

ಗುರುಗಳು ಈ ಕತೆ ಹೇಳಿದರು.

ಬೆಟ್ಟದ ಊರೊಂದರ ಸಸ್ಯೋದ್ಯಾನದಲ್ಲಿ, ಬಂದವರಿಗೆ ಗಿಡಗಳನ್ನು ತೋರಿಸುವ ಕೆಲಸಕ್ಕೆ ಒಬ್ಬ ಹೆಂಗಸು ಹೊಸದಾಗಿ ಸೇರಿದಳು. ವಿಷದ ಗಿಡಗಳ ಪಾತಿ ಅವಳ ಪಾಲಿಗೆ ಬಂತು. ಅಲ್ಲಿ ಕಪ್ಪು ಹಣ್ಣು ಬಿಡುವ ಒಂದು ಗಿಡವಿತ್ತು. ಇಂಗ್ಲಿಷಿನಲ್ಲಿ ಅದರ ಹೆಸರು ನೈಟ್‌ಶೇಡ್. ಮೊದಲ ದಿನ ಅವಳು ಎರಡೂ ತುಂಡಿಗೆ ಸಮನಾಗಿ ಒತ್ತು ಕೊಟ್ಟು ಹೇಳಿದಳು. ಕೇಳಿದವರು ರಾತ್ರಿಯ ನೆರಳಿನ ಮಾತೆಂದುಕೊಂಡು ಮುಖ ಮುಖ ನೋಡಿಕೊಂಡರು. ಮೇಲ್ವಿಚಾರಕ ಎಲ್ಲರೆದುರೇ ತಿದ್ದಿದ: “ಎರಡು ಪದ ಕೂಡಿ ಒಂದೇ ಹೆಸರಾಗಿದೆ. ಒತ್ತು ಮೊದಲ ತುಂಡಿನ ಮೇಲೆ. ಇನ್ನೊಮ್ಮೆ ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ.”

ಅಂದಿನಿಂದ ಅವಳಿಗೆ ನೆಮ್ಮದಿಯಿಲ್ಲ. ಅನ್ನ ಬಸಿಯುವಾಗ, ಬಸ್ಸಿಗೆ ಕಾಯುವಾಗ, ಮಗಳ ಜಡೆ ಹೆಣೆಯುವಾಗಲೂ ಆ ಹೆಸರನ್ನು ಒಡೆಯುವುದು, ಕೂಡಿಸುವುದು. ಮೊದಲರ್ಧ ಗಟ್ಟಿ, ಉಳಿದದ್ದು ಹಗುರ.

ಒಂದು ಬೆಳಿಗ್ಗೆ ಪರದೇಶದ ಮುದುಕನೊಬ್ಬ ಬಂದ. ಇಂಗ್ಲಿಷ್ ಅವನಿಗೂ ಕಲಿತ ಭಾಷೆಯೇ. ಬೇಲಿಯಾಚೆ ಕೈ ಚಾಚಿ ಒಂದು ಹಣ್ಣು ಕಿತ್ತು, “ಇದೇನು?” ಎಂದು ಕೇಳಿದ. ಮೇಲ್ವಿಚಾರಕ ಪಕ್ಕದಲ್ಲೇ ನಿಂತಿದ್ದ. ಅವಳು ಮೇಲ್ವಿಚಾರಕನ ಮುಖವನ್ನೇ ನೋಡುತ್ತ, ಉಸಿರು ಹಿಡಿದು, ಮೊದಲ ತುಂಡನ್ನು ಒತ್ತಿ ಹೆಸರು ಹೇಳಿದಳು. ಒಂದಿಷ್ಟೂ ತಪ್ಪಲಿಲ್ಲ. ಮೇಲ್ವಿಚಾರಕ ತಲೆದೂಗಿದ.

“ಸೊಗಸಾದ ಹೆಸರು” ಎಂದು ಮುದುಕ ಹಣ್ಣನ್ನು ಬಾಯಿಗೆ ಹಾಕಿಕೊಂಡ.

ಅವಳು ಆಗ ಅವನತ್ತ ತಿರುಗಿದಳು. ಇಂಗ್ಲಿಷಿನ ಒಂದು ಪದವೂ ನೆನಪಿಗೆ ಬರಲಿಲ್ಲ. “ಉಗುಳಿ, ವಿಷ ಅದು” ಎಂದು ಕನ್ನಡದಲ್ಲೇ ಕೂಗಿ, ಅವನ ಗಲ್ಲ ಹಿಡಿದುಕೊಂಡಳು. ಮಾತು ತಿಳಿಯದಿದ್ದರೂ ಅವಳ ಕಣ್ಣುಗಳನ್ನು ಕಂಡದ್ದೇ ತಡ, ಮುದುಕ ಉಗುಳಿದ. ಹಣ್ಣು ಇನ್ನೂ ಒಡೆದಿರಲಿಲ್ಲ. ಅವಳು ನೀರು ತಂದು ಬಾಯಿ ಮುಕ್ಕಳಿಸಲು ಕೊಟ್ಟಳು.

ಗುರುಗಳು ಕತೆ ನಿಲ್ಲಿಸಿದರು. ದಾಕ್ಷಾಯಣಿಗೆ ತಡೆಯಲಾಗಲಿಲ್ಲ.

“ಆ ಕೂಗಿನಲ್ಲಿ ಒತ್ತು ಯಾವ ಅಕ್ಷರದ ಮೇಲೆ ಬಿದ್ದಿತ್ತು, ಗುರುಗಳೇ?”

“ಮುದುಕನ ಮೇಲೆ” ಎಂದರು ಗುರುಗಳು.