ಯಮನೂರಿಯ ರೋಬೋಟು ಡಬ್ಬಿ ಎತ್ತಿದ್ದು

ಕೇಳ್ರಪ್ಪಾ, ಖಾನಾವಳಿ ದ್ಯಾಮವ್ವನಿಗೆ ಒಬ್ಬನೇ ಮಗ, ಯಮನೂರಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಅದೇ ಅವನ ರೋಗ. ಡಿಪ್ಲೊಮಾದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ. ಈ ಸಲ ಸ್ಪರ್ಧೆಯಲ್ಲಿ ಅವನ ರೋಬೋಟು ಡಬ್ಬಿ ಎತ್ತಿ ಎದೆಮಟ್ಟದ ಹಲಗೆಯ ಮೇಲಿಟ್ಟರೆ ಪಾಸು, ಇಲ್ಲದಿದ್ದರೆ ಕಾಲೇಜಿನಿಂದ ಹೊರಗೆ. “ನನ್ನ ಹೊಟ್ಟ್ಯಾಗ ಎಂಥಾದು ಹುಟ್ಟಿತವ್ವಾ!” ಎಂದು ದ್ಯಾಮವ್ವ ರೊಟ್ಟಿ ಬಡಿದಷ್ಟೇ ಸಲ ಹಣೆಯನ್ನೂ ಬಡಿದುಕೊಳ್ಳುತ್ತಿದ್ದಳು.

“ಎತ್ತೋ ಸಾಧನ ಯಾವುದು ಹಾಕ್ಲಿ ಸರ್?” ಎಂದು ಯಮನೂರಿ ಕಾಲೇಜಿನ ಮುನವಳ್ಳಿ ಮಾಸ್ತರರನ್ನು ಕೇಳಿದ. ಮಾಸ್ತರರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವ ಮಾಸ್ತರ ಎಲ್ಲಿದ್ದಾನೆ?

“ದಿನಾ ಭಾರ ಎತ್ತವ್ರನ್ನ ನೋಡು, ಅವ್ರಂಗ ಮಾಡು!”

ಯಮನೂರಿ ಪೇಟೆಗೆ ಹೋಗಿ ಹಮಾಲರನ್ನು ನೋಡಿ ಬಂದ. ರೋಬೋಟಿನ ತಲೆಗೆ ಟವೆಲ್ ಸುತ್ತಿದ, ಎದುರಿಗೆ ಒಂದು ಚಿಟಿಕೆ ತಂಬಾಕು ಇಟ್ಟ, “ಐಸಾ!” ಎಂದು ಕೂಗಿದ. ಡಬ್ಬಿ ಇದ್ದಲ್ಲೇ ಇತ್ತು.

“ಕೂಗಿದ್ರ ಏಳತೈತೇನೋ ಹುಚ್ಚಪ್ಯಾಲಿ! ಹಗ್ಗ ಕಟ್ಟಿ ಜಗ್ಗಬೇಕೋ, ಬಾವ್ಯಾಗಿನ ಕೊಡ ಜಗ್ಗಿದಂಗ!” ಎಂದಳು ಅವ್ವ.

“ಹೌದಲ್ಲವ್ವಾ! ಇನ್ನ ಹಂಗ ಮಾಡ್ತೀನಿ.”

ರೋಬೋಟಿನ ಕೊರಳಿಗೆ ಹಗ್ಗ ಬಿಗಿದು ಬಾವಿಗೆ ಬಿಟ್ಟ. ಬುಳುಬುಳು! ಜಗ್ಗಿದ. ಕೊಡದಂತೆಯೇ ಬಂತು, ನೀರು ತುಂಬಿಕೊಂಡು.

“ಲೇ ಕತ್ತೀ!” ಎಂದರು ಮಾಸ್ತರರು. “ಇಷ್ಟು ಭಾರ ಆದ್ರ ಇದೇನ ಎತ್ತೀತು? ಭಾರ ಇದ್ದದ್ದು ತಗದು ಹಗುರ ಮಾಡು!”

“ಹೌದಲ್ರೀ ಸರ್! ಇನ್ನ ಹಂಗ ಮಾಡ್ತೀನಿ.”

ಒಣಗಿಸಿದ. ಬಿಚ್ಚಿ ಒಂದೊಂದು ಭಾಗವನ್ನೂ ಕೈಯಲ್ಲಿ ತೂಗಿ ನೋಡಿದ. ಬ್ಯಾಟರಿ ಭಾರ! ತೆಗೆದ. ಮೋಟರು ಭಾರ! ತೆಗೆದ. “ಹೂವಾಗೈತ್ರೀ ಸರ್!”

ಮಾಸ್ತರರು ಇದ್ದ ನಾಲ್ಕು ಕೂದಲನ್ನೂ ಕಿತ್ತುಕೊಂಡರು. ಎಲ್ಲವನ್ನೂ ತಾವೇ ಜೋಡಿಸಿ, ಕಾರಿನ ಜಾಕಿನಂಥದ್ದೊಂದನ್ನು ತಾವೇ ಕೂರಿಸಿದರು. ರೋಬೋಟಿನ ಬೆನ್ನ ಮೇಲಿನ ಬಟನ್ ಒತ್ತಿದರೆ ಸಾಕು, ಡಬ್ಬಿ ಮೇಲೇಳುತ್ತಿತ್ತು. “ಇನ್ನ ಇದಕ್ಕ ಕೈ ಹಚ್ಚಿದೀ ಅಂದ್ರ ಕೈ ಮುರೀತೀನಿ!”

ಸ್ಪರ್ಧೆಯ ದಿನ ಸೀಟಿ ಊದಿದರು. ಬಟನ್ ಒತ್ತಬೇಕಾದವ ಯಮನೂರಿ. ಕೈ ಹಚ್ಚಬಾರದಲ್ಲ! ಕೈಕಟ್ಟಿ ನಿಂತ.

ಜನರ ನಡುವಿನಿಂದ ದ್ಯಾಮವ್ವ ಚೀರಿದಳು: “ಹಲಗಿ ಮ್ಯಾಲೆ ಡಬ್ಬಿ ಬರಲಿಲ್ಲಂದ್ರ ಮನೀಗೆ ಬರಬ್ಯಾಡೋ!”

“ಹೌದಲ್ಲವ್ವಾ!” ಯಮನೂರಿ ಓಡಿ ಹೋಗಿ ಹಲಗೆಯನ್ನೇ ಕಿತ್ತು ತಂದ, ನೆಲಕ್ಕಿಟ್ಟ, ಡಬ್ಬಿಯನ್ನು ಕಾಲಿನಿಂದ ಅದರ ಮೇಲೆ ನೂಕಿದ.

ತೀರ್ಪುಗಾರರು ನಿಯಮದ ಪುಸ್ತಕ ತೆಗೆದರು. ಡಬ್ಬಿ ಹಲಗೆಯ ಮೇಲಿರಬೇಕು ಎಂದಿತ್ತು. ಯಾರು ಇಡಬೇಕು, ಹಲಗೆ ಎಲ್ಲಿರಬೇಕು, ಅದನ್ನು ಯಾರೂ ಬರೆದಿರಲಿಲ್ಲ. ಮೇಲಾಗಿ ಊಟದ ಹೊತ್ತಾಗಿತ್ತು. ಪಾಸು! ದ್ಯಾಮವ್ವ ಸಂತೋಷಕ್ಕೆ ಅತ್ತೇಬಿಟ್ಟಳು.

ಮರುದಿನ ಬೆಳಿಗ್ಗೆ ನೀರಿಗೆ ಹೊರಟವಳು, “ನನ್ನ ಶಾಣ್ಯಾ, ಆ ರೊಟ್ಟಿ ಬುಟ್ಟಿ ನೆಲುವಿನ ಮ್ಯಾಲೆ ಇಡಪಾ, ನಾಯಿ ಬಂದಾವು” ಎಂದಳು. ತೊಲೆಗೆ ತೂಗಿಬಿಟ್ಟ ಹಗ್ಗದ ನೆಲುವು ಎತ್ತರದಲ್ಲಿತ್ತು. ಯಮನೂರಿ ಈಗ ಪಾಸಾದವ, ಯಾರನ್ನೂ ಕೇಳಲಿಲ್ಲ. ಹಗ್ಗ ಕೊಯ್ದ, ನೆಲುವನ್ನು ಹೊಸ್ತಿಲ ಬಳಿ ನೆಲಕ್ಕೆ ಹಾಸಿದ, ಬುಟ್ಟಿಯನ್ನು ಅದರ ಮೇಲೆ ನೀಟಾಗಿ ಇಟ್ಟ.

ಅಂದು ದ್ಯಾಮವ್ವನ ಖಾನಾವಳಿಯಲ್ಲಿ ಮೊದಲ ಪಂಕ್ತಿ ಓಣಿಯ ನಾಯಿಗಳದ್ದು.